ಮೈನಸ್ ಇನ್ನೂರ ಎಪ್ಪತ್ತೆರಡು

ಹೋದ ತಿಂಗಳು ತೀರಿಕೊಂಡ ನಮ್ಮ ಭೌತಶಾಸ್ತ್ರ ವಿಭಾಗದ ಹಳೆಯ ಮುಖ್ಯಸ್ಥರ ನೆನಪಿಗೆ ಕಾಲೇಜು ಒಂದು ಪುಸ್ತಿಕೆ ತರುತ್ತಿದೆ. ಅವರ ಕೈಕೆಳಗೆ ಹದಿಮೂರು ವರ್ಷ ದುಡಿದವನು ಎಂದು ನನ್ನಿಂದಲೂ ಒಂದು ಪುಟ ಕೇಳಿದರು. ಬರೆದುಕೊಟ್ಟೆ. ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಕಣ್ಮಣಿ, ಸಿರಸಿಯಂಥ ಊರಿಗೆ ಜಗತ್ತಿನ ವಿಜ್ಞಾನವನ್ನು ತಂದ ಭಗೀರಥ ಎಂದೆಲ್ಲ ಬರೆದೆ. ಒಂದೇ ಒಂದು ನಿಜವಾದ ವಾಕ್ಯವೂ ಇರಕೂಡದೆಂದು ಹಟ ತೊಟ್ಟು ಬರೆದ ಪುಟ ಅದು. ಕೊಟ್ಟು ಮನೆಗೆ ಬಂದ ಮೇಲೆ ಬಾಯೆಲ್ಲ ಕಹಿಯಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ಧೈರ್ಯವಿರಲಿಲ್ಲ, ಸತ್ತ ಮೇಲೆ ಆಡಬಾರದು ಎಂದರೆ ನನ್ನಂಥವನು ಆಡುವುದಾದರೂ ಯಾವಾಗ? ಅದಕ್ಕೇ ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಸರ್ ಎಂದರೆ ಸಾಕು.

ಎತ್ತರದ ಆಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಮೂರಕ್ಕೂ ಕೆಂಪು ಶಾಯಿ. ಇಸಳೂರಿನ ಹೊಸ ಮನೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಕಾಲೇಜಿನ ಗೇಟು ದಾಟುವಾಗ ಯಾರಾದರೂ ನಮಸ್ಕಾರ ಮಾಡಿದರೆ ತಲೆಯಾಡಿಸುತ್ತಿರಲಿಲ್ಲ, ಹಾರ್ನ್ ಹೊಡೆಯುತ್ತಿದ್ದರು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು 'ಸೊನ್ನೆ ಸರ್' ಎನ್ನುತ್ತಿದ್ದರು. ಅದು ಅವರ ಉಪನ್ಯಾಸದಿಂದ ಬಂದ ಹೆಸರು.

ಆ ಉಪನ್ಯಾಸದ ಕಥೆ ಹೀಗೆ. ಯಾವ ವಸ್ತುವೂ ಇದಕ್ಕಿಂತ ತಣ್ಣಗಾಗಲಾರದು ಎನ್ನುವ ಒಂದು ಗೆರೆ ಇದೆ. ಸೊನ್ನೆಗಿಂತ ಇನ್ನೂರ ಎಪ್ಪತ್ತಮೂರು ಡಿಗ್ರಿ ಕೆಳಗೆ. ಅದಕ್ಕೆ ಪರಮ ಶೂನ್ಯ ಎನ್ನುತ್ತಾರೆ. ಪರಮಾಣುಗಳನ್ನು ಆ ಗೆರೆಯ ಕೂದಲೆಳೆಯಷ್ಟು ಹತ್ತಿರಕ್ಕೆ ಇಳಿಸಿದ ಸುದ್ದಿ ತೊಂಬತ್ತರ ದಶಕದ ನಡುವೆ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಗ್ರಂಥಾಲಯಕ್ಕೆ ಬಂದ ಆ ಸಂಚಿಕೆಯನ್ನು ಸರ್ ತಮ್ಮ ಹೆಸರಿಗೆ ಬರೆಸಿಕೊಂಡು ಒಯ್ದರು. ಅದು ಮತ್ತೆ ಗ್ರಂಥಾಲಯದ ಮುಖ ನೋಡಲಿಲ್ಲ. ಆ ಒಂದು ಲೇಖನದ ಬಂಡವಾಳದ ಮೇಲೆ ಅವರು ಹತ್ತು ವರ್ಷ ಉಪನ್ಯಾಸ ಕೊಟ್ಟರು. ಸಿರಸಿಯ ಕ್ಲಬ್ಬುಗಳಲ್ಲಿ ಕೊಟ್ಟರು, ಸಿದ್ದಾಪುರದ ಶಿಕ್ಷಕರ ದಿನಾಚರಣೆಯಲ್ಲಿ ಕೊಟ್ಟರು, ಯಲ್ಲಾಪುರದ ಹೈಸ್ಕೂಲುಗಳಲ್ಲಿ ಕೊಟ್ಟರು. ವಾನಳ್ಳಿಯ ಸೊಸೈಟಿಯ ವಾರ್ಷಿಕ ಸಭೆಯಲ್ಲೂ ಕೊಟ್ಟರು. ಅಲ್ಲಿ ಊಟಕ್ಕೆ ತಡವಾಯಿತೆಂದು ಅಡುಗೆಯವರು ಮೂರು ಸಲ ಬಾಗಿಲಲ್ಲಿ ಬಂದು ನಿಂತರೂ ಸರ್ ನಿಲ್ಲಿಸಲಿಲ್ಲ.

ಉಪನ್ಯಾಸದ ದಿನ ಏಪ್ರಿಲ್ ತಿಂಗಳಾದರೂ ತುಂಬುತೋಳಿನ ಸ್ವೆಟರ್ ಹಾಕಿಕೊಂಡೇ ಬರುತ್ತಿದ್ದರು. ಕೇಳುವವರ ಮನಸ್ಸಿನಲ್ಲಿ ಚಳಿ ಮೂಡಲಿ ಎಂದು. ಯಲ್ಲಾಪುರದಲ್ಲಿ ಒಮ್ಮೆ ಕರೆಂಟು ಹೋಗಿ ಫ್ಯಾನ್ ನಿಂತಾಗ ಪರಮ ಶೂನ್ಯದ ಬಗ್ಗೆ ಹೇಳುತ್ತ ಹೇಳುತ್ತಲೇ ಬೆವರಿನಲ್ಲಿ ತೊಯ್ದುಹೋದರು. ಸ್ವೆಟರ್ ಮಾತ್ರ ತೆಗೆಯಲಿಲ್ಲ. ಸಿದ್ದಾಪುರದಲ್ಲಿ ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು ಎದ್ದು, ಅಷ್ಟು ತಂಪಾದರೆ ಅದು ಗಡ್ಡೆ ಕಟ್ಟುವುದಿಲ್ಲವೇ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಗಡ್ಡೆ ಕಟ್ಟಲು ಪರಮಾಣುಗಳು ಒಂದಕ್ಕೊಂದು ಸಿಗಬೇಕು. ಅವನ್ನು ಅಷ್ಟು ವಿರಳವಾಗಿ, ದೂರದೂರ ಇಟ್ಟಿರುತ್ತಾರೆ. ಉತ್ತರ ಅಷ್ಟೇ. ಅದು ಸರ್‌ಗೆ ಗೊತ್ತಿರಲಿಲ್ಲ. ಇದೆಲ್ಲ ಬಹಳ ಮೇಲಿನ ಮಟ್ಟದ ವಿಷಯ, ನಿಮಗೆ ಇಷ್ಟು ತಿಳಿದರೆ ಸಾಕು ಎಂದುಬಿಟ್ಟರು. ಪೋಸ್ಟ್‌ಮಾಸ್ತರರು ಪಾಪ, ತಾವೇ ಏನೋ ತಪ್ಪು ಮಾಡಿದವರ ಹಾಗೆ ಕೂತರು.

ವಿಷಯವೇನೋ ಬಂಗಾರದಂಥದ್ದು. ನನ್ನ ಸಿಟ್ಟು ಇರುವುದೂ ಅದಕ್ಕೇ. ಕೆಲವು ವರ್ಷ ಕಳೆದ ಮೇಲೆ ಆ ತಣ್ಣನೆಯ ಪರಮಾಣುಗಳಿಂದ ವಿಜ್ಞಾನಿಗಳು ಮಾಡಿದ ಕೆಲಸದ ಬಗ್ಗೆ ನಾನು ಧಾರವಾಡಕ್ಕೆ ಹೋದಾಗ ಅಲ್ಲಿನ ಗ್ರಂಥಾಲಯದಲ್ಲಿ ಕೂತು ಓದಿದ್ದೆ. ಒಂದು ಲೋಹದ ತುಂಡಿನೊಳಗೆ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳಾಡುತ್ತ ಹೇಗೆ ಓಡಾಡುತ್ತವೆ ಎಂದು ಲೆಕ್ಕ ಹಾಕಿ ಹೇಳುವುದು ಯಾವ ಕಂಪ್ಯೂಟರಿನಿಂದಲೂ ಆಗದು. ಒಂದೊಂದು ಕಣ ಹೆಚ್ಚಿದ ಹಾಗೆಲ್ಲ ಲೆಕ್ಕ ಇಮ್ಮಡಿಯಾಗುತ್ತ ಹೋಗಿ, ಕೆಲವು ನೂರು ಕಣಗಳಾಗುವಷ್ಟರಲ್ಲಿ ಬರೆದಿಡಲು ಭೂಮಿಯೇ ಸಾಲದು. ಅದಕ್ಕೇ ಅವರು ಲೆಕ್ಕ ಬಿಟ್ಟು ಬೇರೆ ಹಾದಿ ಹಿಡಿದರು. ಎಲೆಕ್ಟ್ರಾನಿನ ಬದಲಿಗೆ ಪರಮಾಣುವನ್ನೇ ಆಟಕ್ಕೆ ಇಳಿಸಿದರು. ಎದುರಿನಿಂದ ಲೇಸರ್ ಬೆಳಕು ಬಡಿದು ಅದರ ಓಟ ತಗ್ಗಿಸಿ, ಅಡ್ಡ ಉದ್ದ ಕಿರಣ ಹಾಯಿಸಿ ಬೆಳಕಿನದೇ ಸಾಲುಸಾಲು ಗುಳಿ ಮಾಡಿ, ಆ ಗುಳಿಗಳಲ್ಲಿ ಕೂರಿಸಿದರು. ಲೋಹದೊಳಗೆ ಎಲೆಕ್ಟ್ರಾನು ಪಾಲಿಸುವ ನಿಯಮವನ್ನೇ ಇಲ್ಲಿ ಪರಮಾಣು ಪಾಲಿಸುತ್ತದೆ, ಆದರೆ ನಿಧಾನವಾಗಿ, ನಮ್ಮ ನೋಟಕ್ಕೆ ಸಿಗುವಂತೆ. ಅದು ಏನು ಮಾಡಿ ತೋರಿಸುತ್ತದೋ ಅದೇ ಉತ್ತರ. ನಮಗೆ ಹಿಡಿಸಲಿ ಬಿಡಲಿ, ಒಪ್ಪಿಕೊಂಡು ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ. ಇದನ್ನು ಓದಿದ ದಿನ ಸಿರಸಿ ಬಸ್ಸಿನಲ್ಲಿ ಕೂತವನಿಗೆ ಯಾರೊಡನಾದರೂ ಹೇಳದಿದ್ದರೆ ಎದೆ ಒಡೆದೀತು ಅನ್ನಿಸಿತ್ತು. ಬಂದು ಸರ್ ಹತ್ತಿರ ಹೇಳಿದೆ. ಮುಂದಿನ ವಾರವೇ ಅದು ಅವರ ಉಪನ್ಯಾಸದ ಎರಡನೆಯ ಭಾಗವಾಯಿತು.

ಆ ಭಾಗದ ಕೊನೆಗೆ ಅವರದೊಂದು ಮಾತು ಇತ್ತು. ದನಿ ತಗ್ಗಿಸಿ, ಕನ್ನಡಕ ತೆಗೆದು ಹೇಳುತ್ತಿದ್ದರು: "ನಾವು ಕೇಳಬೇಕು, ಪ್ರಕೃತಿ ಹೇಳಬೇಕು. ನಾವೇ ಹೇಳಿ ಪ್ರಕೃತಿಯಿಂದ ಹೂಂ ಅನ್ನಿಸಬಾರದು." ಸಭೆ ಚಪ್ಪಾಳೆ ತಟ್ಟುತ್ತಿತ್ತು. ನಾನೂ ತಟ್ಟಿದ್ದೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ನೆನಪಾಗುತ್ತಿದ್ದುದು ಮಾರನೆಯ ದಿನ ಪ್ರಯೋಗಾಲಯದ ಬಾಗಿಲು ತೆಗೆದಾಗ.

ನಮ್ಮ ಪ್ರಯೋಗಾಲಯದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕರಣ ಒಂದು ಜರ್ನಲ್ಲು, ಪ್ರಯೋಗಗಳನ್ನು ಬರೆದಿಡುವ ಪುಸ್ತಕ. ಯಾವ ಕಾಲದಲ್ಲೋ ರ‍್ಯಾಂಕ್ ಬಂದ ವಿದ್ಯಾರ್ಥಿಯೊಬ್ಬನದು. ಕಂದು ಕಾಗದದ ಹೊದಿಕೆ, ಮೂಲೆಗಳಿಗೆ ಬಟ್ಟೆಯ ಪಟ್ಟಿ. ಹುಡುಗರು ಅದನ್ನು 'ಗ್ರಂಥ' ಎನ್ನುತ್ತಿದ್ದರು. ಯಾವ ಪ್ರಯೋಗ ಮಾಡಲಿ, ರೀಡಿಂಗ್ ಅದರಲ್ಲಿದ್ದಂತೆಯೇ ಬರಬೇಕು. ಬಾರದಿದ್ದರೆ ಬರಿಸಬೇಕು. ಬೇರೆ ಅಂಕಿ ಬರೆದು ತಂದವನ ಪುಟಕ್ಕೆ ಸರ್ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆಯುತ್ತಿದ್ದರು. ಒಂದು ತಿಂಗಳಲ್ಲಿ ಎಲ್ಲರಿಗೂ ಬುದ್ಧಿ ಬರುತ್ತಿತ್ತು. ಆಮೇಲೆ ಯಾರೂ ಉಪಕರಣದ ಕಡೆ ನೋಡುತ್ತಿರಲಿಲ್ಲ. ಸ್ಟವ್ ಹಚ್ಚಿ, ನೀರು ಕಾಯಿಸಿ, ಥರ್ಮಾಮೀಟರ್ ಅದ್ದಿ, ಗ್ರಂಥ ನೋಡಿ ಬರೆಯುತ್ತಿದ್ದರು. ಅಂಕಿಗಳಲ್ಲಿ ಒಂದೊಂದನ್ನು ದಶಾಂಶದಷ್ಟು ಆಚೀಚೆ ಮಾಡುವ ಜಾಣ್ಮೆಯೂ ಬರುತ್ತಿತ್ತು. ನಮ್ಮ ಕಾಲೇಜಿನಿಂದ ಹೊರಬಿದ್ದ ಪದವೀಧರರು ಇದೊಂದನ್ನಂತೂ ಚೆನ್ನಾಗಿ ಕಲಿತರು.

ಅಲ್ಲಿನ ಪ್ರಯೋಗಗಳಲ್ಲಿ ಸರ್‌ಗೆ ಪ್ರೀತಿಯದು ಗಾಳಿ ತುಂಬಿದ ಗಾಜಿನ ಬಲ್ಬಿನದು. ಬಲ್ಬನ್ನು ನೀರಿನಲ್ಲಿ ಮುಳುಗಿಸಿ ಕಾಯಿಸುತ್ತ ಹೋದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಉಷ್ಣತೆಯನ್ನೂ ಒತ್ತಡವನ್ನೂ ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಚುಕ್ಕಿಗಳು ನೇರ ಗೆರೆಯಲ್ಲಿ ಕೂರುತ್ತವೆ. ಆ ಗೆರೆಯನ್ನು ಹಿಂದಕ್ಕೆ ಎಳೆಯುತ್ತ ಹೋಗಿ ಒತ್ತಡ ಎಲ್ಲಿ ಸೊನ್ನೆಯಾಗುತ್ತದೋ ಅದೇ ಪರಮ ಶೂನ್ಯ. ಸಿರಸಿಯ ಒಂದು ಕೋಣೆಯಲ್ಲಿ ಕೂತು, ಸ್ಟವ್ವು ಮತ್ತು ಗಾಜಿನ ಬುರುಡೆ ಇಟ್ಟುಕೊಂಡು ಜಗತ್ತಿನ ಕಡುಚಳಿಯ ಗೆರೆಯನ್ನು ಮುಟ್ಟಿ ಬರುವ ಪ್ರಯೋಗ. ಗ್ರಂಥದ ಪ್ರಕಾರ ಉತ್ತರ ಮೈನಸ್ ಇನ್ನೂರ ಎಪ್ಪತ್ತೆರಡು. ನಾನು ಕೆಲಸಕ್ಕೆ ಸೇರಿದ ವರ್ಷ ಹುರುಪಿನಿಂದ ಮಾಡಿ ನೋಡಿದೆ, ಮೈನಸ್ ಇನ್ನೂರ ಇಪ್ಪತ್ತೊಂದು ಬಂತು. ಮತ್ತೆ ಮಾಡಿದೆ, ಸುಮಾರು ಅಷ್ಟೇ ಬಂತು. ಸರ್ ಹತ್ತಿರ ಹೋಗಿ ಹೇಳಿದೆ.

"ತಮಾ, ಬಲ್ಬ್ ಸರಿ ಇದ್ದು," ಎಂದರು. "ಸಿರ್ಸಿ ಗಾಳಿ ಸರಿ ಇಲ್ಲೆ. ನೀ ಗ್ರಂಥ ನೋಡು."

ಬಲ್ಬ್ ಯಾಕೆ ಕೆಟ್ಟಿತ್ತು ಎಂದು ನನಗೆ ತಿಳಿದದ್ದು ಕೆಲವು ವರ್ಷ ಕಳೆದ ಮೇಲೆ, ಇಸಳೂರಿನ ಅವರ ಮನೆಯಲ್ಲಿ. ಸನ್ಮಾನದ ಶಾಲುಗಳನ್ನು ತೋರಿಸಲು ಕಪಾಟು ತೆರೆದರು. ಊರೂರಿನ ಶಾಲು, ಬಣ್ಣಬಣ್ಣದವು, ಒಂದರ ಮೇಲೊಂದು ಪೇರಿಸಿಟ್ಟಿದ್ದರು. ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಕನ್ನಡಕದ ಪೆಟ್ಟಿಗೆಗೂ ಬೂಷ್ಟು. ಆದರೆ ಆ ಶಾಲುಗಳು ಅಂಗಡಿಯಿಂದ ಈಗ ತಂದಂತಿದ್ದವು. ಹಿಂದೆ ಸಾಲಾಗಿ ಗಾಜಿನ ಬಟ್ಟಲುಗಳು, ಅವುಗಳಲ್ಲಿ ನೀಲಿ ಹರಳು. ತೇವ ಹೀರಿಕೊಳ್ಳುವ ಆ ಹರಳುಗಳನ್ನು ನಮ್ಮ ಪ್ರಯೋಗಾಲಯಕ್ಕೆಂದು ತರಿಸಿದ್ದು, ಬಲ್ಬಿಗೆ ತುಂಬುವ ಗಾಳಿಯನ್ನು ಒಣಗಿಸುವುದಕ್ಕೆ. ಅವು ಇಲ್ಲಿ ಶಾಲು ಕಾಯುತ್ತಿದ್ದವು. ಒಂದು ಆಷಾಢದಲ್ಲಿ ಸರ್ ತಾವೇ ನಿಂತು, ಒಣಗಿಸದ ಗಾಳಿಯನ್ನು ತೊಳೆದು ಸರಿಯಾಗಿ ಆರದ ಬಲ್ಬಿಗೆ ತುಂಬಿ ಬಾಯಿ ಮುಚ್ಚಿಸಿದ್ದರು. ಒಳಗೆ ಒಂದು ಹನಿ ನೀರು ಉಳಿದಿತ್ತು. ಕಾಯಿಸಿದಂತೆ ಆ ಹನಿ ಆವಿಯಾಗಿ ಒತ್ತಡವನ್ನು ಬೇಕಾಬಿಟ್ಟಿ ಏರಿಸುತ್ತಿತ್ತು. ಶಾಲು ಮಡಿಸುತ್ತ ಇದನ್ನೆಲ್ಲ ಹೇಳಿದ್ದು ಅವರೇ, ಅಂದರೆ ಅವರಿಗೂ ಗೊತ್ತಿತ್ತು. ಗೊತ್ತಿಲ್ಲದ ದಡ್ಡರಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಅವರ ಪಾಲಿಗೆ ಒಂದು ಪುಣ್ಯವನ್ನಾದರೂ ಬರೆಯಬೇಕಲ್ಲ. ಆ ಉಪನ್ಯಾಸವನ್ನು ನಿಜವೆಂದು ನಂಬಿದ ಒಬ್ಬಳು ಇದ್ದಳು, ನಾಗವೇಣಿ. ಯಲ್ಲಾಪುರದವಳು, ಅಪ್ಪನಿಗೆ ಹೆದ್ದಾರಿಯ ಬದಿಯಲ್ಲಿ ಲಾರಿ ಟಾಯರಿಗೆ ಪಂಕ್ಚರ್ ಹಾಕುವ ಅಂಗಡಿ. ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಸರ್ ಅವಳ ಶಾಲೆಗೆ ಸ್ವೆಟರ್ ಹಾಕಿಕೊಂಡು ಹೋಗಿದ್ದರು. ಅವತ್ತೇ ಭೌತಶಾಸ್ತ್ರ ಓದಬೇಕೆಂದು ಮನಸ್ಸು ಮಾಡಿದಳಂತೆ. ಸಿರಸಿಯ ಹಾಸ್ಟೆಲ್ಲಿನಲ್ಲಿದ್ದು ನಮ್ಮಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಮಾತು ಕಡಿಮೆ. ಆದರೆ ಗ್ರಂಥ ನೋಡದೆ ರೀಡಿಂಗ್ ಬರೆಯುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು, ಮತ್ತೆ ಹಾಗೇ ಬರೆಯುತ್ತಿದ್ದಳು.

ಬೆಳಕಿನ ಗುಳಿಗಳನ್ನು ತೋರಿಸಲು ಸರ್ ಮೊದಮೊದಲು ಇಡ್ಲಿ ತಟ್ಟೆ ಹಿಡಿದುಕೊಂಡು ಹೋಗುತ್ತಿದ್ದರು. ಕಾಲೇಜಿನಲ್ಲೇ ಒಮ್ಮೆ ಉಪನ್ಯಾಸ ಮುಗಿದ ಮೇಲೆ ನಾಗವೇಣಿ ಹತ್ತಿರ ಬಂದು, ಇಡ್ಲಿ ತಟ್ಟೆಗಿಂತ ಚೆನ್ನೆಮಣೆ ಒಳ್ಳೆಯದಲ್ಲವೇ ಎಂದು ಕೇಳಿದಳು. ಅವಳ ಅಜ್ಜಿಯ ಹತ್ತಿರ ಒಂದು ಹಳೆಯ ಮಣೆ ಇತ್ತು. ಆಡಿ ಆಡಿ ಅದರ ಒಂದು ಸಾಲಿನ ಗುಳಿಗಳ ಅಂಚು ಸವೆದು ಆಳ ಕಡಿಮೆಯಾಗಿತ್ತು. ಸ್ವಲ್ಪ ಓರೆ ಮಾಡಿದರೆ ಆ ಸಾಲಿನ ಕಾಳು ಗುಳಿಯಿಂದ ಗುಳಿಗೆ ಹರಿದು ಎಲ್ಲ ಕಡೆ ಓಡಾಡುತ್ತವೆ. ಆಚೆ ಸಾಲಿನ ಗುಳಿ ಆಳ, ಅಲ್ಲಿ ಒಂದೊಂದು ಕಾಳು ತನ್ನ ತನ್ನ ಗುಳಿಯಲ್ಲೇ ಕೂತಿರುತ್ತದೆ. ಬೆಳಕು ಕಡಿಮೆಯಿದ್ದಾಗ ಪರಮಾಣುಗಳು ಹಾಗೆ ಹರಿಯುತ್ತವೆ, ಬೆಳಕು ಹೆಚ್ಚಿಸಿದರೆ ಹೀಗೆ ಕೂತುಬಿಡುತ್ತವೆ, ಅಲ್ಲವಾ ಸರ್ ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಧಾರವಾಡದಲ್ಲಿ ಎರಡು ದಿನ ಕೂತು ಓದಿ ನಾನು ಅರ್ಥ ಮಾಡಿಕೊಂಡದ್ದನ್ನು ಈ ಹುಡುಗಿ ಅಜ್ಜಿಯ ಮಣೆಯಲ್ಲಿ ಕಂಡಿದ್ದಳು. ಸರ್, ಅದನ್ನು ತಂದುಕೊಡು, ನೋಡುವ ಎಂದರು. ತಂದುಕೊಟ್ಟಳು. ಮುಂದಿನ ಉಪನ್ಯಾಸದಲ್ಲಿ ಸರ್ ಚೆನ್ನೆಮಣೆ ಎತ್ತಿ ತೋರಿಸಿ, ಒಂದು ದಿನ ಸ್ನಾನ ಮಾಡುವಾಗ ತಮಗೆ ಈ ವಿಚಾರ ಹೊಳೆಯಿತು ಎಂದರು. ಅವಳು ಎರಡನೆಯ ಸಾಲಿನಲ್ಲಿ ಕೂತು ಕೇಳಿಸಿಕೊಂಡಳು. ಮಣೆ ಅವಳಿಗೆ ಹಿಂದಿರುಗಲಿಲ್ಲ.

ಅದೂ ಹೋಗಲಿ. ನಾನು ಬರೆಯಲೇಬೇಕಾದದ್ದು ಅವಳ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಸಂಗತಿ.

ಅವಳಿಗೆ ಎಂ.ಎಸ್ಸಿ. ಓದಬೇಕಿತ್ತು. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಸಾಕು ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಸೀಟು ಸಿಗುವುದು ಅಂಕದ ಮೇಲೆ. ಬರವಣಿಗೆಯ ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದಳು. ಉಳಿದದ್ದು ಪ್ರಾಯೋಗಿಕ. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಗಾಳಿಬಲ್ಬು.

ಅಂಥ ಪರೀಕ್ಷೆಗೆ ಹೊರಗಿನಿಂದ ಒಬ್ಬರು ಪರೀಕ್ಷಕರು ಬರುತ್ತಾರೆ. ಆ ಸಲ ಹಾವೇರಿ ಕಡೆಯವರು, ಸಾಧು ಮನುಷ್ಯ. ಹೊರಗಿನವರನ್ನು ಬಗ್ಗಿಸುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ: ಮಧ್ಯಾಹ್ನ ಮುಖ್ಯಸ್ಥರ ಮನೆಯಲ್ಲಿ ಊಟ, ಹೊರಡುವಾಗ ಒಂದು ಡಬ್ಬಿ ತೊಡದೇವು. ಕಾಗದದ ಹಾಗೆ ತೆಳ್ಳಗಿನ ಆ ಸಿಹಿಗೆ ಗಟ್ಟಿ ಗಟ್ಟಿ ಪರೀಕ್ಷಕರೂ ಮೆತ್ತಗಾಗಿದ್ದಾರೆ. ಅವರು ಒಳಗಿನ ಪರೀಕ್ಷಕರಾದ ಸರ್ ಹೇಳಿದಲ್ಲಿ ಸಹಿ ಹಾಕುತ್ತಾರೆ. ನಾನು ಪ್ರಯೋಗಾಲಯದ ಉಸ್ತುವಾರಿ, ಬದಿಗೆ ನಿಂತಿರುವವನು.

ಮಿಕ್ಕವರೆಲ್ಲ ಗ್ರಂಥವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ನಾಗವೇಣಿ ಬಲ್ಬಿನ ಮುಂದೆ ಮೂರು ಗಂಟೆ ಕೂತಳು. ತಣ್ಣಗಿದ್ದಾಗ ಬಲ್ಬಿನ ಕತ್ತಿನೊಳಗೆ ತೆಳುವಾಗಿ ಮಂಜು ಕಟ್ಟಿದ್ದನ್ನು ಕಂಡಳು. ಕಾಯಿಸಿದಂತೆ ಅದು ಮಾಯವಾಗುವುದನ್ನು ಕಂಡು, ಯಾವ ಡಿಗ್ರಿಯಲ್ಲಿ ಮಾಯವಾಯಿತು ಎಂದು ಗುರುತು ಮಾಡಿಕೊಂಡಳು. ಅವಳ ಗ್ರಾಫಿನಲ್ಲಿ ಕೆಳಗಿನ ಚುಕ್ಕಿಗಳು ಬಾಗಿದ್ದವು, ಮಂಜು ಹೋದ ಮೇಲಿನ ಚುಕ್ಕಿಗಳು ನೇರವಾಗಿದ್ದವು. ಅವಳು ಎರಡನ್ನೂ ಬರೆದಳು. ಎಲ್ಲ ಚುಕ್ಕಿ ಹಿಡಿದರೆ ಮೈನಸ್ ಇನ್ನೂರ ಇಪ್ಪತ್ತೊಂದು. ನೀರೆಲ್ಲ ಆವಿಯಾದ ಮೇಲಿನ ಚುಕ್ಕಿಗಳನ್ನಷ್ಟೇ ಹಿಡಿದು ಗೆರೆ ಎಳೆದರೆ ಮೈನಸ್ ಇನ್ನೂರ ಅರವತ್ತಾರು. ಕೆಳಗೆ ಕಾರಣ: ಬ‍ಲ್ಬಿನೊಳಗೆ ನೀರಿನ ಹನಿ ಇದೆ.

ಹೊರಗಿನ ಪರೀಕ್ಷಕರು ಅವಳ ಹಾಳೆಯನ್ನು ಎರಡು ಸಲ ನೋಡಿದರು. ನೀರಿದೆ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದರು.

"ನಮ್ಮಪ್ಪನ ಅಂಗಡೀಲಿ ಕಂಪ್ರೆಸರ್ ಉಂಟು ಸರ್," ಎಂದಳು. "ಮಳೆಗಾಲದಲ್ಲಿ ಅದರ ಟ್ಯಾಂಕಿನೊಳಗೆ ನೀರು ನಿಲ್ತದೆ. ಅಪ್ಪ ದಿನಾ ಬೆಳಿಗ್ಗೆ ಬಿಚ್ಚಿ ಬಿಡ್ತಾರೆ. ಗಾಳಿ ಒಟ್ಟಿಗೆ ನೀರೂ ಬರ್ತದೆ ಅಂತ ಅಲ್ಲೇ ನೋಡಿದ್ದು."

ಅವಳನ್ನು ಹೊರಗೆ ಕಳಿಸಿದ ಮೇಲೆ ಅವರು ಸರ್ ಕಡೆ ತಿರುಗಿ, ಹುಡುಗಿ ಖರೇ ಬರದಾಳ್ರಿ, ಪೂರಾ ಅಂಕ ಕೊಡೋಣ್ರಿ ಎಂದರು. ಸರ್ ನಕ್ಕರು. ಅವರು ನಗುತ್ತಿದ್ದುದೇ ಕಡಿಮೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಗಾದೆ ಹೇಳಿದರು. ಇಷ್ಟು ವರ್ಷ ನೂರಾರು ಮಕ್ಕಳಿಗೆ ಇದೇ ಬಲ್ಬಿನಲ್ಲಿ ಇನ್ನೂರ ಎಪ್ಪತ್ತೆರಡು ಬಂದಿದೆ, ಬೇಕಾದರೆ ಜರ್ನಲ್ಲುಗಳನ್ನು ತರಿಸುತ್ತೇನೆ ಎಂದರು. ಇವಳಿಗೆ ಉತ್ತರ ಬರಲಿಲ್ಲ, ಅದಕ್ಕೆ ತನಗೆ ಬೇಕಾದ ಚುಕ್ಕಿ ಇಟ್ಟುಕೊಂಡು ಬೇಡಾದ್ದನ್ನು ಬಿಟ್ಟು ಸಮೀಪದ ಸಂಖ್ಯೆ ತಂದಿದ್ದಾಳೆ, ಇದು ಅಪ್ರಾಮಾಣಿಕತೆ ಎಂದರು. ಆ ಶಬ್ದವನ್ನು ಅವರು ಬಾಯಿ ತುಂಬ ಉಚ್ಚರಿಸಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಹಾವೇರಿಯವರು ಪೇಚಿಗೆ ಬಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಹೇಳ್ರಿ ಸರ. ದಿನಾ ಇಲ್ಲೇ ಇರ‍್ತೀರಿ. ಬಲ್ಬಿನ್ಯಾಗ ನೀರೈತೇನ್ರಿ?"

ಹದಿಮೂರು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಿದ ಒಂದೇ ಒಂದು ಪ್ರಶ್ನೆ ಅದು. ನನ್ನ ಬಡ್ತಿಯ ಕಾಗದ ಸರ್ ಮೇಜಿನ ಮೇಲೆ ಅವರ ಕೆಂಪು ಪೆನ್ನಿಗಾಗಿ ಕಾಯುತ್ತಿತ್ತು. ಸರ್ ನನ್ನನ್ನು ನೋಡಲೂ ಇಲ್ಲ, ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ಏನು ಹೇಳುತ್ತೇನೆ ಎಂದು ಅವರಿಗೆ ಅಷ್ಟು ಖಾತ್ರಿಯಿತ್ತು.

"ಪರೀಕ್ಷೆ ಮಾಡಿ ನೋಡಬೇಕು ಸರ್," ಎಂದೆ.

ಹೊರಡುವಾಗ ತೊಡದೇವಿನ ಡಬ್ಬಿ ಅವರ ಚೀಲ ಸೇರಿತು. ಅಂಕಪಟ್ಟಿಯಲ್ಲಿ ನಾಗವೇಣಿಗೆ ತರಗತಿಯಲ್ಲೇ ಕಡಿಮೆ ಅಂಕ. ಎಂ.ಎಸ್ಸಿ. ಸೀಟಿನ ಪಟ್ಟಿ ಅವಳಿಗಿಂತ ಎರಡು ಹೆಸರು ಮೇಲೆಯೇ ಮುಗಿಯಿತು. ನನ್ನ ಬಡ್ತಿ ಬಂತು. ಪರೀಕ್ಷೆಯ ದಿನ ಸಂಜೆ ಹೊರಡುವಾಗ ಸರ್ ನನ್ನ ಹೆಗಲ ಮೇಲೆ ಕೈಯಿಟ್ಟು, "ಅಡ್ಡಿಲ್ಲೆ ತಮಾ, ಆ ಕೂಸು ಹೆಂಗೂ ಬದುಕ್ತು," ಎಂದರು. ಆ ಕೈಯನ್ನು ನಾನು ತಳ್ಳಲಿಲ್ಲ. ಮನೆಗೆ ಹೋಗಿ ಅಂಗಿ ಬಿಚ್ಚಿ ನೀರಿಗೆ ಹಾಕಿದೆ, ಅಷ್ಟೇ ನನ್ನ ಶೌರ್ಯ.

ಮಾರನೆಯ ವರ್ಷ ಅವರು ನಿವೃತ್ತರಾದರು, ನಾನು ಅವರ ಕುರ್ಚಿಗೆ ಬಂದೆ. ಬೀಳ್ಕೊಡುಗೆಯ ದಿನವೂ ಸ್ವೆಟರ್ ಹಾಕಿಕೊಂಡು ಬಂದು ಅದೇ ಉಪನ್ಯಾಸ ಕೊಟ್ಟರು, ಚೆನ್ನೆಮಣೆ ಎತ್ತಿ ತೋರಿಸಿದರು, ಕನ್ನಡಕ ತೆಗೆದು, ನಾವು ಕೇಳಬೇಕು ಪ್ರಕೃತಿ ಹೇಳಬೇಕು ಎಂದರು. ಇನ್ನೊಂದು ಶಾಲು ಬಂತು. ನಿವೃತ್ತಿಯ ನಂತರವೂ ಮೂರು ತಾಲೂಕು ತಿರುಗಿ ಹೇಳುತ್ತಲೇ ಇದ್ದರು. ನಾನು ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡುತ್ತಿದ್ದೆ, ಅವರು ಹಾರ್ನ್ ಹೊಡೆಯುತ್ತಿದ್ದರು.

ಅವರ ಹದಿಮೂರನೆಯ ದಿನದ ಊಟಕ್ಕೆ ಇಸಳೂರಿಗೆ ಹೋಗಿದ್ದೆ. ಹೊರಡುವಾಗ ಅವರ ಹೆಂಡತಿ ಒಂದು ಕೈಚೀಲ ತಂದುಕೊಟ್ಟು, ಇವು ಕಾಲೇಜಿನ ಸಾಮಾನು, ನೀವೇ ಒಯ್ಯಿರಿ ಎಂದರು. ಒಳ್ಳೆಯ ಹೆಂಗಸು, ಅವರಿಗೇನು ಗೊತ್ತು. ಚೀಲದಲ್ಲಿ ಆ ಇಂಗ್ಲಿಷ್ ಪತ್ರಿಕೆ ಇತ್ತು, ತೇವ ಕುಡಿದು ಕುಡಿದು ಬಣ್ಣಗೆಟ್ಟ ಹರಳಿನ ಡಬ್ಬಿ ಇತ್ತು, ತಳದಲ್ಲಿ ಚೆನ್ನೆಮಣೆ ಇತ್ತು. ಒಂದು ಸಾಲಿನ ಗುಳಿ ಸವೆದದ್ದು. ಪ್ರಿನ್ಸಿಪಾಲರು ನೋಡಿ ಸಂತೋಷಪಟ್ಟರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸರ್ ಹೆಸರು ಬರೆಸಿ ವಿಭಾಗದಲ್ಲಿ ಇಡೋಣ ಎಂದರು. ಅದು ಬೇರೆಯವರದು ಎಂದು ನಾನು ಹೇಳಿದೆ. ಆ ವಿಭಾಗದಲ್ಲಿ ನಾನು ಹೇಳಿದ ಮೊದಲ ನಿಜ ಅದೇ ಇರಬೇಕು.

ಇಷ್ಟನ್ನು ಬರೆದಿಟ್ಟು, ಶನಿವಾರ ಮಣೆಯನ್ನು ಚೀಲಕ್ಕೆ ಹಾಕಿಕೊಂಡು ಯಲ್ಲಾಪುರದ ಬಸ್ಸು ಹತ್ತಿದೆ. ನಾಗವೇಣಿ ಬಿ.ಎಡ್. ಮಾಡಿ ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ ಎಂದು ಕೇಳಿದ್ದೆ. ನಾನು ಹೋದಾಗ ತರಗತಿಯಲ್ಲಿದ್ದಳು. ಮಕ್ಕಳು ನಾಲ್ಕು ಗುಂಪಾಗಿ ನೀರು ಕುದಿಸಿ ಥರ್ಮಾಮೀಟರ್ ನೋಡುತ್ತಿದ್ದರು. ಬೋರ್ಡಿನ ಮೇಲೆ ನಾಲ್ಕೂ ಗುಂಪಿನ ಅಂಕಿ: ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೆಂಟೂವರೆ, ತೊಂಬತ್ತೆಂಟು. ಪುಸ್ತಕದಲ್ಲಿ ನೂರು ಅಂತ ಇದೆಯಲ್ಲ ಟೀಚರ್ ಎಂದು ಒಬ್ಬಳು ಕೇಳಿದಳು. ಪುಸ್ತಕದ್ದು ಸಮುದ್ರದ ಹತ್ತಿರದ ಮಾತು, ನಾವು ಘಟ್ಟದ ಮೇಲಿದ್ದೇವೆ, ನಮ್ಮ ನೀರು ಎಷ್ಟಕ್ಕೆ ಕುದಿಯಿತೋ ಅಷ್ಟೇ ಬರೆಯಿರಿ ಎಂದಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ ಹೊರಗೆ ಬಂದಳು. ನಾಲ್ಕು ವರ್ಷ ಕಳೆದರೂ ಗುರುತು ಹಿಡಿದಳು.

ಮಣೆಯನ್ನು ಕೊಟ್ಟೆ. ಸರ್ ಹೋದ ಸುದ್ದಿ ಪೇಪರಿನಲ್ಲಿ ನೋಡಿದ್ದಳಂತೆ. ಸವೆದ ಸಾಲಿನ ಮೇಲೆ ಬೆರಳಾಡಿಸುತ್ತ, ಅಜ್ಜಿ ಹೋಗುವವರೆಗೂ ಇದನ್ನು ಕೇಳುತ್ತಿದ್ದರು ಎಂದಳು. ನಾನು ಅವತ್ತಿನ ಪರೀಕ್ಷೆಯ ಮಾತು ತೆಗೆದೆ. ಬಲ್ಬಿನಲ್ಲಿ ನೀರಿದ್ದದ್ದು ನನಗೆ ಗೊತ್ತಿತ್ತು, ಕೇಳಿದಾಗ ಹೇಳಲಿಲ್ಲ ಎಂದೆ. ಬಸ್ಸಿನಲ್ಲಿ ಅಷ್ಟುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅದು. ಅವಳು ಬಯ್ಯುತ್ತಾಳೆ, ಇಲ್ಲವೇ ಹೋಗಲಿ ಬಿಡಿ ಸರ್ ಎನ್ನುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಆ ಬಲ್ಬ್ ಈಗ ಒಣಗಿಸಿದ್ರಾ ಸರ್?" ಎಂದು ಕೇಳಿದಳು.

ಬಲ್ಬ್ ಬಿಚ್ಚಿದರೆ ಗಾಜು ಒಡೆಯಬಹುದು, ಒತ್ತಡ ಅಳೆಯುವ ಪಾದರಸ ಚೆಲ್ಲಬಹುದು, ಪರೀಕ್ಷೆ ಹತ್ತಿರ ಬಂತು, ಮಕ್ಕಳ ಅಂಕ ಹೋಗಬಾರದು. ಪ್ರತಿ ವರ್ಷ ನನಗೆ ನಾನೇ ಹೇಳಿಕೊಂಡ ಕಾರಣಗಳು ನಾಲಿಗೆಯ ತುದಿಗೆ ಬಂದವು.

"ಇಲ್ಲ," ಎಂದೆ.

"ಈಗ ನೀವೇ ಅಲ್ವಾ ಮುಖ್ಯಸ್ಥರು?"

"ಹೌದು. ಮೂರು ವರ್ಷ ಆಯ್ತು."

"ಹಂಗಾದ್ರೆ ಈಗ್ಲೂ ಎಲ್ರಿಗೂ ಇನ್ನೂರ ಎಪ್ಪತ್ತೆರಡೇ ಬರ‍್ತದಾ?"

"ಬರ‍್ತದೆ."

ಒಳಗೆ ನೀರು ಕುದಿದು ಬತ್ತುತ್ತಿದೆ ಎಂದು ಮಕ್ಕಳು ಕರೆದರು. ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಬರ‍್ತೇನೆ ಸರ್ ಎಂದು ತರಗತಿಗೆ ಹೋದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಬರೆದುಕೊಟ್ಟ ಆ ಪುಟ ನೆನಪಾಯಿತು. ಅಂಥ ಬರಹಗಳ ಕೊನೆಗೆ ಎಲ್ಲರೂ ಹಾಕುವ ಒಂದು ವಾಕ್ಯವನ್ನು ನಾನೂ ಕಣ್ಣುಮುಚ್ಚಿ ಹಾಕಿದ್ದೆ: 'ಅವರು ಹಾಕಿಕೊಟ್ಟ ದಾರಿಯಲ್ಲೇ ನಮ್ಮ ವಿಭಾಗ ಇಂದಿಗೂ ನಡೆಯುತ್ತಿದೆ.' ಆ ಪುಟದಲ್ಲಿ ಒಂದೂ ನಿಜವಾದ ವಾಕ್ಯ ಇಲ್ಲವೆಂದು ಮೇಲೆ ಬರೆದಿದ್ದೇನೆ. ಅದು ತಪ್ಪು. ಇದೊಂದು ಇದೆ.